ಒತ್ತಡ ಅಳೆದವನು ತನ್ನನ್ನೇ ಅಳೆದುಕೊಂಡ ಕಥೆ

ಫ್ಲೂಯಿಡ್ ಮೆಕ್ಯಾನಿಕ್ಸ್ ಲ್ಯಾಬಿನಲ್ಲಿ ಪ್ರೆಶರ್ ಗೇಜ್ ನೋಡಿ ರೀಡಿಂಗ್ ಬರೆದುಕೊಳ್ಳುವಾಗ ನಾವೆಲ್ಲ ಒಂದು ಹೆಸರನ್ನು ಯೋಚನೆಯೇ ಮಾಡದೆ ಬರೆಯುತ್ತೇವೆ. ಕಿಲೋಪಾಸ್ಕಲ್. ಮೆಗಾಪಾಸ್ಕಲ್. ಯೂನಿಟ್ ಬರೆಯದಿದ್ದರೆ ಮಾರ್ಕ್ ಹೋಗುತ್ತೆ, ಆ ಹೆಸರಿನ ಜೊತೆ ನಮಗಿರೋ ಸಂಬಂಧ ಅಷ್ಟೇ. ಈ ಸೆಮಿಸ್ಟರ್‌ನಲ್ಲಿ, ಆ ಮನುಷ್ಯ ಯಾರು ಅಂತ ಸ್ವಲ್ಪ ಓದೋಣ ಅಂದುಕೊಂಡೆವು. ವಿಜ್ಞಾನಿ ಅನ್ನೋದು ಗೊತ್ತೇ ಇತ್ತು. ಆದರೆ ಓದುತ್ತಾ ಹೋದಂತೆ ನಮಗೆ ಸಿಕ್ಕಿದ್ದು, ತನ್ನ ಅಹಂಕಾರದ ಜೊತೆ ಜೀವನವಿಡೀ ಜಗಳವಾಡಿದ ಒಬ್ಬ ಕ್ರೈಸ್ತ. ಆ ಜಗಳದಲ್ಲಿ ಅವನು ಎಷ್ಟೋ ಸಲ ಸೋತಿದ್ದಾನೆ. ಅದಕ್ಕೇ ಅವನ ಕಥೆ ಇಲ್ಲಿ ಬರೆಯುತ್ತಿದ್ದೇವೆ.

ಬ್ಲೇಸ್ ಪಾಸ್ಕಲ್ ಹುಟ್ಟಿದ್ದು 1623ರ ಜೂನ್ 19ರಂದು, ಫ್ರಾನ್ಸಿನ ಕ್ಲೆರ್ಮಾಂಟ್ ಊರಿನಲ್ಲಿ. ಮೂರು ವರ್ಷದವನಿದ್ದಾಗ ತಾಯಿ ತೀರಿಕೊಂಡಳು. ತಂದೆ ಎಟಿಯೆನ್, ಅಕ್ಕ ಗಿಲ್ಬರ್ಟ್, ತಂಗಿ ಜಾಕ್ವೆಲಿನ್, ಇಷ್ಟೇ ಅವನ ಮನೆ. ಶಾಲೆಗೆ ಹೋಗಲೇ ಇಲ್ಲ, ಅಪ್ಪನೇ ಮನೆಯಲ್ಲಿ ಪಾಠ ಹೇಳಿದ. ಹದಿನಾರನೇ ವಯಸ್ಸಿಗೇ ಕೋನಿಕ್ ಸೆಕ್ಷನ್‌ಗಳ ಮೇಲೆ ಒಂದು ಚಿಕ್ಕ ಪ್ರಬಂಧ ಬರೆದು ಪ್ಯಾರಿಸ್ಸಿನ ಗಣಿತಜ್ಞರು ತಿರುಗಿ ನೋಡುವ ಹಾಗೆ ಮಾಡಿದ.

ಮುಂದೆ ಅಪ್ಪನಿಗೆ ರೂಆನ್ ಎಂಬ ಊರಿನಲ್ಲಿ ತೆರಿಗೆ ಲೆಕ್ಕದ ಕೆಲಸ. ರಾತ್ರಿಯೆಲ್ಲ ಕೂಡಿಸೋದು, ಕಳೆಯೋದು. ಅದನ್ನು ನೋಡಲಾರದೆ ಮಗ 1642ರಲ್ಲಿ ಒಂದು ಲೆಕ್ಕದ ಯಂತ್ರ ಮಾಡೋಕೆ ಕೂತ. ಆಗ ಅವನಿಗೆ ಹತ್ತೊಂಬತ್ತು, ಅಂದರೆ ನಮ್ಮದೇ ವಯಸ್ಸು. ಹಲ್ಲಿನ ಚಕ್ರಗಳು, ಒಂದು ಚಕ್ರ 9 ದಾಟಿ 0ಗೆ ಬಂದ ಕೂಡಲೇ, ಮೇಲೆತ್ತಿ ಹಿಡಿದಿದ್ದ ಒಂದು ಪುಟ್ಟ ತೂಕ ಬಿದ್ದು ಪಕ್ಕದ ಚಕ್ರವನ್ನು ಒಂದು ಹೆಜ್ಜೆ ಮುಂದೆ ತಳ್ಳಬೇಕು. ನಾವು ಕ್ಯಾರಿ ಅಂತ ಕರೆಯೋದು ಅದನ್ನೇ. ಚಕ್ರ ಹಿಂದಕ್ಕೆ ತಿರುಗಲ್ಲ, ಆದ್ದರಿಂದ ಕಳೆಯೋಕೆ ನೈನ್ಸ್ ಕಾಂಪ್ಲಿಮೆಂಟ್ ಬಳಸಿದ. ಸುಮಾರು ಐವತ್ತು ಮಾದರಿಗಳನ್ನು ಮಾಡಿ ನೋಡಿದ ಮೇಲೆ 1645ರಲ್ಲಿ ಯಂತ್ರವನ್ನು ಜನರ ಮುಂದಿಟ್ಟ.

ಇಲ್ಲೊಂದು ಸಣ್ಣ ಘಟನೆ ಇದೆ. ರೂಆನ್‌ನ ಒಬ್ಬ ಗಡಿಯಾರದವನು ಈ ಯಂತ್ರದ ಸುದ್ದಿ ಕೇಳಿ ತಾನೂ ಒಂದನ್ನು ಮಾಡಿಬಿಟ್ಟ. ಹೊರಗೆ ಚೆನ್ನಾಗಿ ಪಾಲಿಶ್ ಮಾಡಿದ್ದ, ಆದರೆ ಒಳಗೆ ಯಾವ ಕೆಲಸಕ್ಕೂ ಬರುತ್ತಿರಲಿಲ್ಲ. ಪಾಸ್ಕಲ್‌ಗೆ ಎಷ್ಟು ಸಿಟ್ಟು ಬಂತೆಂದರೆ ತನ್ನ ಕೆಲಸಗಾರರನ್ನೆಲ್ಲ ಬಿಡಿಸಿಬಿಟ್ಟ. ತನ್ನ ಯಂತ್ರಕ್ಕೆ ರಾಜನಿಂದ ಹಕ್ಕುಪತ್ರ ಸಿಗುವವರೆಗೂ, ಅಂದರೆ 1649ರವರೆಗೂ, ಪಟ್ಟು ಬಿಡಲಿಲ್ಲ. ಹೊರಗೆ ಹೊಳಪು, ಒಳಗೆ ಟೊಳ್ಳು. ಬಟ್ಟಲಿನ ಹೊರಗನ್ನಷ್ಟೇ ತೊಳೆಯುವವರ ಬಗ್ಗೆ ಯೇಸು ಹೇಳಿದ್ದೂ ಇದನ್ನೇ. ಯಂತ್ರದಲ್ಲಿ ಈ ದೋಷವನ್ನು ಕ್ಷಣದಲ್ಲಿ ಕಂಡುಹಿಡಿದ ಪಾಸ್ಕಲ್‌ಗೆ, ತನ್ನೊಳಗೆ ಅದನ್ನು ಹುಡುಕೋಕೆ ಇನ್ನೂ ಹಲವು ವರ್ಷ ಬೇಕಾಯಿತು.

1646ರ ಚಳಿಗಾಲದಲ್ಲಿ ಅಪ್ಪ ಮಂಜಿನ ಮೇಲೆ ಜಾರಿ ಬಿದ್ದು ಸೊಂಟದ ಮೂಳೆಗೆ ಪೆಟ್ಟು ಮಾಡಿಕೊಂಡ. ಚಿಕಿತ್ಸೆಗೆ ಬಂದ ಇಬ್ಬರು ಸಹೋದರರು ಮೂರು ತಿಂಗಳು ಮನೆಯಲ್ಲೇ ಉಳಿದರು. ಅವರು ಜಾನ್ಸೆನ್ ಎಂಬ ಬಿಷಪ್‌ನ ಬೋಧನೆಯನ್ನು ನಂಬಿದವರು. ಆ ಬೋಧನೆಯ ಸಾರ ಇಷ್ಟು: ಮನುಷ್ಯ ತನ್ನ ಸ್ವಂತ ಬಲದಿಂದ ಒಳ್ಳೆಯವನಾಗಲಾರ, ಅದಕ್ಕೆ ದೇವರ ಕೃಪೆ ಬೇಕು, ತಾನು ಒಳ್ಳೆಯವನು ಅನ್ನೋ ಹೆಮ್ಮೆಯೇ ಎಲ್ಲಕ್ಕಿಂತ ದೊಡ್ಡ ರೋಗ. ಅವರು ಕೊಟ್ಟ ಪುಸ್ತಕಗಳನ್ನು ಓದಿ ಪಾಸ್ಕಲ್ ತನ್ನ ಜೀವನವನ್ನು ದೇವರಿಗೆ ಕೊಡಬೇಕು ಅಂತ ನಿರ್ಧರಿಸಿದ, ಮನೆಯವರನ್ನೂ ಆ ದಾರಿಗೆ ಕರೆತಂದ.

ಕಥೆ ಇಲ್ಲಿಗೇ ಮುಗಿದಿದ್ದರೆ ಅದು ನೀತಿಪಾಠ ಆಗುತ್ತಿತ್ತು. ಆದರೆ ಮುಂದಿನ ವರ್ಷವೇ ಏನಾಯಿತು ನೋಡಿ. ಸೇಂಟ್ ಆಂಜ್ ಎಂಬ ಮಾಜಿ ಸನ್ಯಾಸಿಯೊಬ್ಬ ರೂಆನ್‌ಗೆ ಬಂದಿದ್ದ. ಮಾತಿನ ನಡುವೆ ಅವನು ಆಡಿದ ಕೆಲವು ಧಾರ್ಮಿಕ ಅಭಿಪ್ರಾಯಗಳು ಪಾಸ್ಕಲ್‌ಗೆ ತಪ್ಪಾಗಿ ಕಂಡವು. ಪಾಸ್ಕಲ್ ಮತ್ತು ಅವನ ಇಬ್ಬರು ಗೆಳೆಯರು ಆ ಮಾತುಗಳನ್ನು ಬರೆದಿಟ್ಟು ಚರ್ಚಿನ ಮೇಲಧಿಕಾರಿಗಳಿಗೆ ದೂರು ಕೊಟ್ಟರು. ಅವನು ತನ್ನ ಮಾತು ಹಿಂದಕ್ಕೆ ಪಡೆಯುವವರೆಗೂ ಬೆನ್ನು ಬಿಡಲಿಲ್ಲ. ಹೆಮ್ಮೆಯೇ ರೋಗ ಅಂತ ಓದಿದ ಹುಡುಗ, ಆ ಓದನ್ನೇ ಇನ್ನೊಬ್ಬನನ್ನು ಬಗ್ಗಿಸೋ ಕೋಲಾಗಿ ಮಾಡಿಕೊಂಡಿದ್ದ. ಇದನ್ನು ಓದಿದಾಗ ನಮಗೆ ಸ್ವಲ್ಪ ಇರಿಸುಮುರಿಸಾಯಿತು. ಯಾವುದಾದರೂ ಒಳ್ಳೆ ಪುಸ್ತಕ ಓದಿದ ಮರುದಿನವೇ ರೂಮ್‌ಮೇಟ್‌ಗೆ ಉಪದೇಶ ಶುರು ಮಾಡೋರು ನಾವೂ ತಾನೆ?

1648ರ ಸೆಪ್ಟೆಂಬರ್ 19ರಂದು ಅವನ ಅತ್ಯಂತ ಪ್ರಸಿದ್ಧ ಪ್ರಯೋಗ ನಡೆಯಿತು. ಅವನು ಹೇಳಿದಂತೆ ಅಕ್ಕನ ಗಂಡ ಪೆರಿಯೆ ಪಾದರಸದ ಕೊಳವೆ ಹೊತ್ತು ಪುಯ್ ದ ದೋಮ್ ಬೆಟ್ಟ ಹತ್ತಿದ. ಕೆಳಗೆ ಊರಿನಲ್ಲಿ ಇನ್ನೊಂದು ಕೊಳವೆಯನ್ನು ದಿನವಿಡೀ ಒಬ್ಬರು ನೋಡುತ್ತಾ ಕೂತಿದ್ದರು. ಬೆಟ್ಟದ ಮೇಲೆ ಪಾದರಸ ಸುಮಾರು 8 ಸೆಂಟಿಮೀಟರ್ ಇಳಿದಿತ್ತು, ಊರಿನ ಕೊಳವೆಯಲ್ಲಿ ಅಲುಗಾಡಿರಲಿಲ್ಲ. ಪಾದರಸವನ್ನು ಹಿಡಿದಿಟ್ಟಿರೋದು ಗಾಳಿಯ ಒತ್ತಡವೇ ಅಂತ ಗಟ್ಟಿಯಾಯಿತು. ಆದರೆ ಈ ಪ್ರಯೋಗದ ಐಡಿಯಾ ಯಾರದು ಅನ್ನೋ ತಕರಾರು ಉಳಿಯಿತು. ಅದು ತನ್ನದು ಅಂತ ದೇಕಾರ್ತ್ ಹೇಳಿದ.

1651ರಲ್ಲಿ ಅಪ್ಪ ತೀರಿಹೋದ. ಜಾಕ್ವೆಲಿನ್ ಪೋರ್ಟ್ ರಾಯಲ್ ಎಂಬ ಕಾನ್ವೆಂಟಿಗೆ ಸನ್ಯಾಸಿನಿಯಾಗಿ ಹೋಗುತ್ತೇನೆ ಅಂದಳು. ಅವಳನ್ನು ಭಕ್ತಿಯ ದಾರಿಗೆ ತಂದವನೇ ಪಾಸ್ಕಲ್, ಆದರೆ ಈಗ ತಡೆದವನೂ ಅವನೇ. ಅವಳು ಹೊರಟೇ ಹೋದಳು. ತನ್ನ ಪಾಲಿನ ಆಸ್ತಿಯನ್ನು ಕಾನ್ವೆಂಟಿಗೆ ಕೊಡಬೇಕು ಅಂತ ಕೇಳಿದಾಗ ಅಣ್ಣ ಅಡ್ಡಗಾಲು ಹಾಕಿದ. ಅಲ್ಲಿನ ಹಿರಿಯರು, ಹಣವಿಲ್ಲದಿದ್ದರೂ ಪರವಾಗಿಲ್ಲ, ಹಾಗೇ ಸೇರು ಅಂದರು. ಆಗ ಪಾಸ್ಕಲ್‌ಗೆ ನಾಚಿಕೆಯಾಗಿ, ಕೊನೆಗೆ 1653ರಲ್ಲಿ ಹಣ ಕೊಟ್ಟ.

1654ರಲ್ಲಿ ಅವನು ಫರ್ಮಾ ಜೊತೆ ಪತ್ರ ಬರೆದು ಪ್ರಾಬಬಿಲಿಟಿಯ ಅಡಿಪಾಯ ಹಾಕಿದ. ಹೊರಗಿನಿಂದ ನೋಡಿದರೆ ಅದು ಅವನ ಬಂಗಾರದ ವರ್ಷ. ಅದೇ ವರ್ಷ ಮತ್ತೆ ಮತ್ತೆ ತಂಗಿಯ ಹತ್ತಿರ ಹೋಗಿ ತನ್ನ ಸಂಕಟ ಹೇಳಿಕೊಳ್ಳುತ್ತಿದ್ದ. ಲೋಕದ ಹೊಗಳಿಕೆ ಸಾಕಾಗಿದೆ, ಆದರೆ ದೇವರ ಕಡೆಗೂ ಮನಸ್ಸು ಎಳೆಯುತ್ತಿಲ್ಲ ಅನ್ನೋ ಸಂಕಟ. ನವೆಂಬರ್ 23ರ ರಾತ್ರಿ ಹತ್ತೂವರೆಯಿಂದ ಹನ್ನೆರಡೂವರೆವರೆಗೆ ಅವನಿಗೆ ಒಂದು ಗಾಢವಾದ ಅನುಭವವಾಯಿತು. ಅದನ್ನು ಒಂದು ಹಾಳೆಯಲ್ಲಿ ಬರೆದು, ಕೋಟಿನ ಒಳಪದರದಲ್ಲಿ ಹೊಲಿದುಕೊಂಡ. ಕೋಟು ಬದಲಾಯಿಸಿದಾಗಲೆಲ್ಲ ಬಿಚ್ಚಿ ಮತ್ತೆ ಹೊಲಿಯುತ್ತಿದ್ದನಂತೆ. ಅವನು ಸತ್ತ ಮೇಲೆ ಒಬ್ಬ ಸೇವಕನ ಕೈಗೆ ಅದು ಸಿಕ್ಕಿತು. ಎಲ್ಲವನ್ನೂ ಪ್ರಕಟಿಸಿ ಹಕ್ಕು ಸಾಧಿಸುತ್ತಿದ್ದ ಮನುಷ್ಯ, ತನ್ನ ಜೀವನದ ದೊಡ್ಡ ಘಟನೆಯನ್ನು ಯಾರಿಗೂ ತೋರಿಸದೆ ಇಟ್ಟುಕೊಂಡ.

ಆಮೇಲೆ 1656 ಮತ್ತು 1657ರಲ್ಲಿ ಬೇರೆ ಹೆಸರಿನಲ್ಲಿ ಹದಿನೆಂಟು ಪತ್ರಗಳನ್ನು ಬರೆದು ಅಚ್ಚು ಹಾಕಿಸಿದ. ಉದ್ದೇಶ ಒಳ್ಳೆಯದಿದ್ದರೆ ತಪ್ಪು ಕೆಲಸವೂ ತಪ್ಪಲ್ಲ ಅಂತ ನುಣುಚಿಕೊಳ್ಳುವ ತರ್ಕವನ್ನು ಅದರಲ್ಲಿ ಲೇವಡಿ ಮಾಡಿದ್ದಾನೆ. ಆ ತರ್ಕ ನಮಗೂ ಹೊಸದೇನಲ್ಲ. ಪ್ರಾಕ್ಸಿ ಅಟೆಂಡೆನ್ಸ್ ಕೊಡೋದು ಮೋಸ ಅಲ್ಲ, ಫ್ರೆಂಡ್‌ಗೆ ಸಹಾಯ. ರೀಡಿಂಗ್ ತಿದ್ದೋದು ಸುಳ್ಳಲ್ಲ, ಗ್ರಾಫ್ ಸರಿ ಬರಲಿ ಅಂತ. ಪಾಸ್ಕಲ್‌ನ ಗುರಿ ಜೆಸ್ಯೂಟ್ ಪಾದ್ರಿಗಳು. ಅವನು ತಮಗೆ ನ್ಯಾಯ ಮಾಡಲಿಲ್ಲ ಅಂತ ಅವರು ಹೇಳಿದರು. ರೋಮ್ ಆ ಪುಸ್ತಕವನ್ನು ನಿಷೇಧಿಸಿತು.

ಹಾಗಾದರೆ ಆ ರಾತ್ರಿಯ ನಂತರ ಅಹಂಕಾರ ಹೋಯಿತಾ? ಇಲ್ಲ. 1658ರಲ್ಲಿ ಹಲ್ಲುನೋವಿನಿಂದ ನಿದ್ದೆ ಬಾರದೆ ಸೈಕ್ಲಾಯ್ಡ್ ಬಗ್ಗೆ ಯೋಚಿಸಿ ಹೊಸ ಫಲಿತಾಂಶ ಕಂಡುಹಿಡಿದ. ಯೂರೋಪಿನ ಗಣಿತಜ್ಞರಿಗೆಲ್ಲ ಅದೇ ಸಮಸ್ಯೆಯನ್ನು ಸ್ಪರ್ಧೆಯಾಗಿ ಕೊಟ್ಟು, ಕೊನೆಗೆ ಯಾರಿಗೂ ಬಹುಮಾನ ಕೊಡಲಿಲ್ಲ. ಸೈಕ್ಲಾಯ್ಡಿನ ಇತಿಹಾಸ ಬರೆಯುವಾಗ, ಹನ್ನೊಂದು ವರ್ಷದ ಹಿಂದೆಯೇ ಸತ್ತಿದ್ದ ಟೊರಿಚೆಲ್ಲಿಯ ಮೇಲೆ ಕದ್ದ ಆರೋಪ ಹೊರಿಸಿದ. ಬೆಟ್ಟ ಹತ್ತಿದ ಆ ಪಾದರಸದ ಕೊಳವೆ ಟೊರಿಚೆಲ್ಲಿಯದೇ ಕೊಡುಗೆ ಅನ್ನೋದನ್ನು ನೆನಪಿಡಿ.

ಪಾಸ್ಕಲ್‌ಗೆ ಇದು ಗೊತ್ತಿತ್ತು ಅನ್ನೋದೇ ನಮಗೆ ಮುಖ್ಯ. ಕ್ರೈಸ್ತ ಧರ್ಮದ ಬಗ್ಗೆ ಒಂದು ದೊಡ್ಡ ಪುಸ್ತಕಕ್ಕಾಗಿ ಅವನು ಮಾಡಿಟ್ಟ ಟಿಪ್ಪಣಿಗಳು, ಅವನು ಸತ್ತ ಮೇಲೆ 1670ರಲ್ಲಿ ಪ್ರಕಟವಾದವು. ಹೊಗಳಿಕೆಯ ಆಸೆ ಎಲ್ಲರಲ್ಲೂ ಇದೆ, ಅದನ್ನು ಬೈದು ಬರೆಯುವವನಲ್ಲೂ ಇದೆ, ಬಹುಶಃ ತನ್ನಲ್ಲೂ ಇದೆ ಅಂತ ಅವನು ಅಲ್ಲಿ ಒಪ್ಪಿಕೊಂಡಿದ್ದಾನೆ. ಅಕ್ಕ ಬರೆದ ಜೀವನಚರಿತ್ರೆಯ ಪ್ರಕಾರ, ಅವನು ಅಂಗಿಯೊಳಗೆ ಮೊಳೆಗಳಿದ್ದ ಕಬ್ಬಿಣದ ಪಟ್ಟಿ ಕಟ್ಟಿಕೊಳ್ಳುತ್ತಿದ್ದ. ಜನರ ಜೊತೆ ಮಾತಾಡುವಾಗ ಹೆಮ್ಮೆ ತಲೆ ಎತ್ತಿದರೆ ಮೊಣಕೈಯಿಂದ ಅದನ್ನು ಒತ್ತಿಕೊಳ್ಳುತ್ತಿದ್ದ. ಇದು ನಮಗೆ ಅತಿ ಅನ್ನಿಸಿತು. ಆದರೆ ತನ್ನ ಮೇಲೆ ಅಷ್ಟು ಎಚ್ಚರ ಇಟ್ಟಿದ್ದ ಅನ್ನೋದು ನಿಜ.

ಕೊನೆಯ ವರ್ಷದಲ್ಲಿ ಅವನ ದಾರಿ ಬದಲಾಯಿತು. 1661ರ ಅಕ್ಟೋಬರ್‌ನಲ್ಲಿ ಜಾಕ್ವೆಲಿನ್ ಸತ್ತಳು. 1662ರ ಮಾರ್ಚ್ 18ರಂದು ಅವನು ಗೆಳೆಯರ ಜೊತೆ ಸೇರಿ ಪ್ಯಾರಿಸ್ಸಿನಲ್ಲಿ ಐದು ಸೋಲ್ ದರದ ಸಾರ್ವಜನಿಕ ಗಾಡಿ ಶುರು ಮಾಡಿದ. ಗೊತ್ತಾದ ದಾರಿ, ಗೊತ್ತಾದ ದರ, ನಮ್ಮ ಸಿಟಿ ಬಸ್ಸಿನ ಮುತ್ತಜ್ಜ. ತನ್ನ ಪಾಲಿನ ಲಾಭವನ್ನು ಮುಂಗಡವಾಗಿ ತೆಗೆದು ಬ್ಲುವಾ ಪ್ರದೇಶದ ಬಡವರಿಗೆ ಕಳಿಸಬೇಕು ಅಂತ ಅವನ ಆಸೆಯಾಗಿತ್ತು.

ತನ್ನ ಮನೆಯಲ್ಲಿ ಒಂದು ಬಡ ಕುಟುಂಬಕ್ಕೆ ಜಾಗ ಕೊಟ್ಟಿದ್ದ. ಆ ಮನೆಯ ಮಗುವಿಗೆ ಸಿಡುಬು ಬಂತು. ಅವನೂ ಕಾಯಿಲೆಯಲ್ಲಿದ್ದ, ಅಕ್ಕ ದಿನಾ ಬಂದು ನೋಡಿಕೊಳ್ಳಬೇಕಿತ್ತು, ಅವಳ ಮಕ್ಕಳಿಗೆ ಸೋಂಕು ತಗಲುವ ಭಯವಿತ್ತು. ಮಗುವನ್ನು ಬೇರೆ ಕಡೆ ಕಳಿಸೋದು ಸುಲಭ, ಮನೆ ಅವನದೇ. ಆದರೆ ಮಗುವಿಗೆ ಓಡಾಟ ಅಪಾಯ ಅಂತ ಅವನೇ ಮನೆ ಬಿಟ್ಟು ಅಕ್ಕನ ಮನೆಗೆ ಹೋದ. ಬಡವರ ಆಸ್ಪತ್ರೆಯಲ್ಲಿ, ಅವರ ಜೊತೆಯಲ್ಲೇ ಸಾಯಬೇಕು ಅಂತ ಕೇಳಿಕೊಂಡ, ಅದು ನಡೆಯಲಿಲ್ಲ. ಆಗಸ್ಟ್ 19ರಂದು ತೀರಿಕೊಂಡ. ವಯಸ್ಸು ಮೂವತ್ತೊಂಬತ್ತು.

1971ರಲ್ಲಿ ಒತ್ತಡದ ಯೂನಿಟ್‌ಗೆ ಅವನ ಹೆಸರಿಟ್ಟರು. ಹೆಸರಿಗಾಗಿ ಅಷ್ಟು ಜಗಳವಾಡಿದವನಿಗೆ, ಹೆಸರಿನ ಹಂಬಲ ಬಿಡೋಕೆ ಒದ್ದಾಡಿದವನಿಗೂ.

ನಾವು ಈ ಕಥೆಯಿಂದ ತೆಗೆದುಕೊಂಡಿದ್ದು ಒಂದೇ. ತನ್ನನ್ನು ತಾನು ನೋಡಿಕೊಳ್ಳೋದು ಒಂದು ರಾತ್ರಿಯಲ್ಲಿ ಮುಗಿಯೋ ಪರೀಕ್ಷೆ ಅಲ್ಲ. ಅದು ಗೇಜ್ ಕ್ಯಾಲಿಬ್ರೇಷನ್ ತರಹ, ಮತ್ತೆ ಮತ್ತೆ ಮಾಡಬೇಕು, ಯಾಕಂದರೆ ಮುಳ್ಳು ಮತ್ತೆ ಸರಿಯುತ್ತೆ. ನಾವು ಯಾವ ಧರ್ಮದವರಾದರೂ ಅದು ಹಾಗೇ. ಕಳೆದ ತಿಂಗಳು ನಮ್ಮ ಮಿನಿ ಪ್ರಾಜೆಕ್ಟ್ ರಿಪೋರ್ಟ್ ಪ್ರಿಂಟ್ ಹಾಕಿದೆವು. ರಾತ್ರಿಯೆಲ್ಲ ಕೂತು ಸರ್ಕ್ಯೂಟ್ ಮಾಡಿದವನ ಹೆಸರು ಕೊನೆಯಲ್ಲಿತ್ತು, ಸ್ಲೈಡ್ ಮಾತ್ರ ಮಾಡಿದ ನಮ್ಮ ಹೆಸರು ಮೊದಲು. ಅಕ್ಷರಮಾಲೆ ಪ್ರಕಾರ ಹಾಕಿದ್ದು ಅಂತ ಹೇಳಿಕೊಂಡೆವು. ಅಕ್ಷರಮಾಲೆ ಪ್ರಕಾರವೂ ಅದು ತಪ್ಪಾಗಿತ್ತು. ಮೊದಲ ಪುಟ ಇನ್ನೊಮ್ಮೆ ಪ್ರಿಂಟ್ ಹಾಕೋಕೆ ಎರಡು ರೂಪಾಯಿ. ನಾಳೆ ಹಾಕಿಸುತ್ತೇವೆ.