ಪ್ಲೇಗಿನ ಮದ್ದನ್ನು ಮೊದಲು ತನಗೇ ಚುಚ್ಚಿಕೊಂಡ ಹಾಫ್‌ಕಿನ್

1898ರಲ್ಲಿ ಹುಬ್ಬಳ್ಳಿ, ಬೆಂಗಳೂರುಗಳಿಗೆ ಪ್ಲೇಗು ಹೊಕ್ಕಾಗ ಜನ ಮನೆಗೆ ಬೀಗ ಜಡಿದು ಊರಾಚೆಯ ಗುಡಿಸಲು ಸೇರಿದರು. ಪ್ಲೇಗಮ್ಮನಿಗೆ ಗುಡಿ ಕಟ್ಟಿ ಹರಕೆ ಹೊತ್ತರು. ಅದೇ ವರ್ಷ ಹುಬ್ಬಳ್ಳಿಯಲ್ಲಿ ಸಾವಿರಾರು ಮಂದಿ ಚುಚ್ಚುಮದ್ದಿಗೆ ತೋಳೊಡ್ಡಿದರು. ಆ ಮದ್ದನ್ನು ರೂಪಿಸಿದವರು ವಾಲ್ಡೆಮಾರ್ ಹಾಫ್‌ಕಿನ್.

1860ರಲ್ಲಿ ಒಡೆಸ್ಸಾದ ಯಹೂದಿ ಕುಟುಂಬದಲ್ಲಿ ಜನಿಸಿದ ಅವರು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಕಾಲರಾ ಲಸಿಕೆ ಸಿದ್ಧಪಡಿಸಿ, 1893ರಲ್ಲಿ ಭಾರತಕ್ಕೆ ಬಂದರು. 1896ರಲ್ಲಿ ಮುಂಬಯಿಯನ್ನು ಪ್ಲೇಗು ಮುತ್ತಿದಾಗ ಗ್ರಾಂಟ್ ವೈದ್ಯಕೀಯ ಕಾಲೇಜಿನ ಪುಟ್ಟ ಜಾಗದಲ್ಲೇ ಪ್ರಯೋಗಾಲಯ ಹೂಡಿದರು.

ರೋಗಾಣುವನ್ನು ಬೇರ್ಪಡಿಸಿ ಅದೊಂದನ್ನೇ ಬೆಳೆಸುವುದು ಅವರ ಮುಂದಿದ್ದ ಸವಾಲು. ಮಾಂಸದ ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರೆ ಪ್ಲೇಗಿನ ಬ್ಯಾಕ್ಟೀರಿಯಾ ಅವುಗಳಿಂದ ಬಿಳಲುಗಳಂತೆ ಇಳಿದು ಬೆಳೆಯುತ್ತಿತ್ತು. ಅದನ್ನು ಬಿಸಿಯಿಂದ ಕೊಂದು ಲಸಿಕೆ ಮಾಡಿದರು. 1897ರ ಜನವರಿ 10ರಂದು ಮೊದಲ ಪ್ರಯೋಗಕ್ಕೆ ತಮ್ಮ ದೇಹವನ್ನೇ ಒಡ್ಡಿದರು.

1902ರಲ್ಲಿ ಅನಾಹುತ ಎರಗಿತು. ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ ಒಂದೇ ಬಾಟಲಿಯ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಆರೋಪ ಹೊತ್ತ ಹಾಫ್‌ಕಿನ್ ಹುದ್ದೆ ಕಳೆದುಕೊಂಡರು. ಬಾಟಲಿ ತೆರೆಯುವಾಗ ಸಹಾಯಕನ ಕೈಯಿಂದ ನೆಲಕ್ಕೆ ಬಿದ್ದ ಇಕ್ಕಳವನ್ನು ಸರಿಯಾಗಿ ಶುದ್ಧಗೊಳಿಸದೆ ಬಳಸಲಾಗಿತ್ತೆಂಬ ಸಂಗತಿಗೆ ಮನ್ನಣೆ ದೊರೆಯಲು ವರ್ಷಗಳೇ ಬೇಕಾದವು. ಹಿಂದೆ ಬೆಂಗಳೂರಿನಲ್ಲಿ ಸೇವೆ ಸಲ್ಲಿಸಿದ್ದ ರೊನಾಲ್ಡ್ ರಾಸ್ ಅವರ ಪರ ದನಿಯೆತ್ತಿದರು. 1907ರಲ್ಲಿ ಕಳಂಕ ಕಳೆಯಿತು. ಹಾಫ್‌ಕಿನ್ ಮತ್ತೆ ಭಾರತಕ್ಕೆ ಬಂದು ಕಲ್ಕತ್ತೆಯಲ್ಲಿ ದುಡಿದರು. ಆದರೆ ಹಳೆಯ ಸ್ಥಾನ ಮರಳಲಿಲ್ಲ.

ಅವರು ಕಟ್ಟಿದ ಮುಂಬಯಿಯ ಪ್ರಯೋಗಾಲಯಕ್ಕೆ 1925ರಲ್ಲಿ ಅವರ ಹೆಸರಿಡಲಾಯಿತು. 1930ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ನಿಧನರಾದರು.

ರೋಗಾಣುವನ್ನು ಬೇರ್ಪಡಿಸುವ ಕೆಲಸ ಇಂದಿಗೂ ಮುಗಿದಿಲ್ಲ. ರಕ್ತಕ್ಕೆ ನಂಜೇರಿದಾಗ ಅದಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಗುರುತಿಸಲು ದಿನಗಳೇ ಹಿಡಿಯುತ್ತವೆ; ರೋಗಿಗೆ ಅಷ್ಟು ಸಮಯ ಇರುವುದಿಲ್ಲ. ಆದ್ದರಿಂದಲೇ ಕೂದಲೆಳೆಯಷ್ಟು ಕಿರಿದಾದ ಕಾಲುವೆಗಳಿರುವ ಚಿಪ್‌ಗಳನ್ನು ವಿಜ್ಞಾನಿಗಳು ವಿನ್ಯಾಸಗೊಳಿಸುತ್ತಿದ್ದಾರೆ. ಕೆಂಪು ರಕ್ತಕಣದ ಅಗಲ ಸುಮಾರು 7–8 ಮೈಕ್ರಾನ್; ಬ್ಯಾಕ್ಟೀರಿಯಾ ಸಾಮಾನ್ಯವಾಗಿ 1–2 ಮೈಕ್ರಾನ್. ಗಾತ್ರದ ಈ ಅಂತರದಿಂದಾಗಿ ಹರಿಯುವ ರಕ್ತದಲ್ಲಿ ಎರಡೂ ಬೇರೆ ಬೇರೆ ದಾರಿ ಹಿಡಿಯುವಂತೆ ಮಾಡಬಹುದು. ಬೇಡದ ಒಂದು ಜೀವಾಣು ಬೆರೆತರೆ ಎಷ್ಟು ಜೀವ ಹೋಗಬಹುದೆಂಬುದನ್ನು ಮುಲ್ಕೋವಾಲ್‌ನ ಆ ಬಾಟಲಿ ಎಂದೋ ತೋರಿಸಿಕೊಟ್ಟಿದೆ.