ಪರೀಕ್ಷಿಸಿ ನಂಬಿದ ಬೆಂಜಮಿನ್ ಫ್ರಾಂಕ್ಲಿನ್

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಮಿತಿಯ ಮಿತ್ರರು ಕೇಳಿದಾಗ, ಶಾಲೆಯ ದಿನಗಳ ನೆನಪುಗಳನ್ನೇ ಬರೆಯಲು ಕುಳಿತೆ. ಲೇಖನಿ ಹಿಡಿದೊಡನೆ ನೆನಪಿಗೆ ಬಂದದ್ದು ಎಂಟನೆಯ ತರಗತಿಯಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಹೇಳಿದ ಒಬ್ಬ ಮಹನೀಯನ ಕಥೆ. ತಮಿಳುನಾಡಿಗೆ ಸೇರಿದ ಈ ತಾಳವಾಡಿ ಸೀಮೆಯಲ್ಲಿ ಕನ್ನಡದ ವಿಜ್ಞಾನ ಪುಸ್ತಕಗಳು ದೊರೆಯುವುದೇ ದುರ್ಲಭವಾಗಿದ್ದ ಕಾಲವದು. ಮೇಷ್ಟ್ರು ಚಾಮರಾಜನಗರದಿಂದ ಪುಸ್ತಕಗಳನ್ನು ತರಿಸಿ ಓದಿ, ಪಠ್ಯದಲ್ಲಿಲ್ಲದ ಸಂಗತಿಗಳನ್ನು ನಮಗೆ ತಿಳಿಸುತ್ತಿದ್ದರು. ಮಿಂಚಿನ ಪಾಠ ನಡೆದ ದಿನ, 1752ರಲ್ಲಿ ಗಾಳಿಪಟ ಹಾರಿಸಿ ಮಿಂಚೂ ವಿದ್ಯುತ್ತೂ ಒಂದೇ ಎಂದು ತೋರಿಸಿದ ಬೆಂಜಮಿನ್ ಫ್ರಾಂಕ್ಲಿನ್ನನ ಹೆಸರು ಬಂದಿತು. ಗಾಳಿಪಟದ ಕಥೆಯನ್ನು ಎಲ್ಲರೂ ಬಲ್ಲರು. ಅದರೊಡನೆ ಮೇಷ್ಟ್ರು ಹೇಳಿದ ಇನ್ನೊಂದು ಕಥೆ ಮಾತ್ರ ಇಂದಿನವರೆಗೂ ನನ್ನನ್ನು ಬಿಟ್ಟಿಲ್ಲ. ಅದರ ಕಾರಣವನ್ನು ಕೊನೆಯಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ. ಅಂದು ಕೇಳಿದ್ದನ್ನು, ಮುಂದೆ ನಾನೂ ಅಧ್ಯಾಪಕನಾಗಿ ಓದಿ ತಿಳಿದುದರೊಡನೆ ಸೇರಿಸಿ ಇಲ್ಲಿ ಬರೆದಿದ್ದೇನೆ.

ಫ್ರಾಂಕ್ಲಿನ್ ಹುಟ್ಟಿದ್ದು 1706ರ ಜನವರಿ 17ರಂದು, ಅಮೆರಿಕದ ಬಾಸ್ಟನ್ ನಗರದಲ್ಲಿ. ತಂದೆ ಸಾಬೂನು ಮತ್ತು ಮೇಣದಬತ್ತಿ ತಯಾರಿಸಿ ಮಾರುತ್ತಿದ್ದವನು. ಆತನ 17 ಮಕ್ಕಳಲ್ಲಿ ಇವನು 15ನೆಯವನು. ಹುಡುಗನು ಶಾಲೆಗೆ ಹೋದದ್ದು ಎರಡೇ ವರ್ಷ. ಹತ್ತನೆಯ ವಯಸ್ಸಿಗೆ ಶಾಲೆ ಬಿಡಿಸಿದರು; ಹನ್ನೆರಡನೆಯ ವಯಸ್ಸಿಗೆ ಅಣ್ಣ ಜೇಮ್ಸನ ಮುದ್ರಣಾಲಯದಲ್ಲಿ ಕೆಲಸ ಕಲಿಯಲು ಬಿಟ್ಟರು. ಅಚ್ಚಿನ ಮೊಳೆ ಜೋಡಿಸುತ್ತ, ಕೈಗೆ ಸಿಕ್ಕಿದ ಪುಸ್ತಕಗಳನ್ನೆಲ್ಲ ರಾತ್ರಿ ಓದುತ್ತ ಅವನು ತನಗೆ ತಾನೇ ಗುರುವಾದನು.

1721ರಲ್ಲಿ ಬಾಸ್ಟನ್ನಿಗೆ ಸಿಡುಬಿನ ಮಾರಿ ಬಂದಿತು. ಸುಮಾರು 5,900 ಮಂದಿಗೆ ರೋಗ ತಗುಲಿ, 844 ಮಂದಿ ಸತ್ತರು. ಗೋವಿನ ಸಿಡುಬಿನಿಂದ ಮಾಡುವ ಲಸಿಕೆ ಆಗಿನ್ನೂ ಇರಲಿಲ್ಲ. ರೋಗಿಯ ಗುಳ್ಳೆಯ ಕೀವನ್ನು ಆರೋಗ್ಯವಂತನ ಚರ್ಮದಲ್ಲಿ ಗೀರಿ ಸೇರಿಸಿ, ಹಗುರವಾದ ಸಿಡುಬನ್ನು ಬರಿಸಿ, ಭಾರಿ ಸಿಡುಬನ್ನು ತಡೆಯುವ ಪದ್ಧತಿಯೊಂದು ಆಫ್ರಿಕದಲ್ಲಿ ಇದ್ದಿತು. ಒನೇಸಿಮಸ್ ಎಂಬ ಆಫ್ರಿಕದ ಗುಲಾಮನಿಂದ ಅದನ್ನು ಕೇಳಿ ತಿಳಿದ ಕಾಟನ್ ಮ್ಯಾದರ್ ಎಂಬ ಪಾದ್ರಿಯು ಪ್ರಚಾರ ಮಾಡಿದನು. ಬಾಯ್ಲ್‌ಸ್ಟನ್ ಎಂಬ ವೈದ್ಯನು ಸುಮಾರು 240 ಮಂದಿಗೆ ಪ್ರಯೋಗಿಸಿದನು. ಅವರಲ್ಲಿ ಸತ್ತವರು 6 ಮಂದಿ. ಆದರೂ ಊರಿನ ಬಹುಪಾಲು ಜನ, ವೈದ್ಯರೂ ಸೇರಿದಂತೆ, ಇದನ್ನು ಕೊಲೆಗಡುಕತನವೆಂದು ಹಳಿದರು. ಹಾಗೆ ಹಳಿದ ಪತ್ರಿಕೆಗಳಲ್ಲಿ ಮುಖ್ಯವಾದುದು ಜೇಮ್ಸ್ ಫ್ರಾಂಕ್ಲಿನ್ನನದು. ಹದಿನೈದರ ಹರೆಯದ ಬೆಂಜಮಿನ್ನನು ದುಡಿಯುತ್ತಿದ್ದದ್ದು ಅದೇ ಅಚ್ಚುಕೂಟದಲ್ಲಿ. ಅನುಮಾನದ ಮಾತನ್ನು ಜೋರಾಗಿ ಆಡುವುದೇ ವಿಚಾರವಂತಿಕೆಯಲ್ಲ ಎಂಬ ಪಾಠಕ್ಕೆ ಅವನ ಮನೆಯೇ ಮೊದಲ ಉದಾಹರಣೆಯಾಯಿತು.

1723ರಲ್ಲಿ ಅಣ್ಣನೊಡನೆ ಮನಸ್ತಾಪವಾಗಿ ಅವನು ಫಿಲಡೆಲ್ಫಿಯಕ್ಕೆ ಓಡಿಹೋದನು. ಅಲ್ಲಿ ಸ್ವಂತ ಮುದ್ರಣಾಲಯ, ಸ್ವಂತ ಪತ್ರಿಕೆ, ಹೆಂಡತಿ ಮಕ್ಕಳು ಎಲ್ಲವೂ ಆದವು. ಲೆಕ್ಕಗಳನ್ನು ನೋಡಿ ಮನಸ್ಸು ಬದಲಿಸಿಕೊಂಡ ಅವನು ತನ್ನ ಪತ್ರಿಕೆಯಲ್ಲಿ ಸಿಡುಬು ಹಾಕಿಸಿಕೊಳ್ಳುವ ಪದ್ಧತಿಯ ಪರವಾಗಿ ನಿಂತನು. ಹೀಗಿರುವಾಗ 1736ರ ನವೆಂಬರ್‌ನಲ್ಲಿ ಅವನ ನಾಲ್ಕು ವರ್ಷದ ಮುದ್ದು ಮಗ ಫ್ರಾನ್ಸಿಸ್ ಸಿಡುಬಿನಿಂದಲೇ ತೀರಿಕೊಂಡನು. ಮಗುವಿಗೆ ಭೇದಿಯಾಗಿ ಮೈ ಸೊರಗಿದ್ದುದರಿಂದ, ಚೇತರಿಸಿಕೊಳ್ಳಲಿ ಎಂದು ತಂದೆ ಕಾದಿದ್ದನು; ಅಷ್ಟರಲ್ಲಿ ರೋಗ ಬಂದಿತ್ತು.

ಅದಕ್ಕಿಂತ ಕ್ರೂರವಾದುದು ಆಮೇಲೆ ಹಬ್ಬಿದ ಮಾತು. ಪರವಾಗಿ ಬರೆಯುತ್ತಿದ್ದವನ ಮಗನೇ ಸಿಡುಬು ಹಾಕಿಸಿದ್ದರಿಂದ ಸತ್ತನೆಂದು ಊರೆಲ್ಲ ಸುದ್ದಿಯಾಯಿತು. ಮಗನನ್ನು ಕಳೆದುಕೊಂಡ ತಂದೆಯು ಸುಮ್ಮನಿದ್ದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ತನ್ನ ಮೌನದಿಂದ ಬೇರೆ ಮನೆಗಳ ಮಕ್ಕಳಿಗೆ ಅಪಾಯವೆಂದು ಬಗೆದು, ಮುಂದಿನ ತಿಂಗಳೇ ಅವನು ತನ್ನ ಪತ್ರಿಕೆಯಲ್ಲಿ ನಿಜಸ್ಥಿತಿಯನ್ನು ಪ್ರಕಟಿಸಿದನು. ಮಗನಿಗೆ ಹಾಕಿಸಿರಲಿಲ್ಲ, ರೋಗ ತಾನಾಗಿ ತಗುಲಿತು, ಹಾಕಿಸಬೇಕೆಂಬ ಉದ್ದೇಶ ಮಾತ್ರ ಇತ್ತು ಎಂದು ಸ್ಪಷ್ಟಪಡಿಸಿದನು. ಮುಪ್ಪಿನಲ್ಲಿ ಆತ್ಮಕಥೆಯನ್ನು ಬರೆಯುವಾಗಲೂ ಈ ಪಶ್ಚಾತ್ತಾಪವನ್ನು ಇತರ ತಂದೆತಾಯಿಗಳ ಎಚ್ಚರಕ್ಕಾಗಿ ದಾಖಲಿಸಿದನು. 1759ರಲ್ಲಿ ಲಂಡನ್ನಿನಲ್ಲಿ ಹೆಬರ್ಡೆನ್ ಎಂಬ ವೈದ್ಯನ ಕಿರುಹೊತ್ತಗೆಗೆ ಮುನ್ನುಡಿ ಬರೆದು, ಬಾಸ್ಟನ್ನಿನ 1752ರ ಸಿಡುಬಿನ ಲೆಕ್ಕವನ್ನು ಮುಂದಿಟ್ಟನು. ತಾನಾಗಿ ರೋಗ ಬಂದ ಸುಮಾರು 5,500 ಮಂದಿಯಲ್ಲಿ 500ಕ್ಕೂ ಹೆಚ್ಚು ಜನ ಸತ್ತಿದ್ದರು. ಹಾಕಿಸಿಕೊಂಡ ಸುಮಾರು 2,100 ಮಂದಿಯಲ್ಲಿ ಸತ್ತವರು 30. ಆ 30 ಸಾವುಗಳನ್ನು ಅವನು ಬಚ್ಚಿಡಲಿಲ್ಲ.

ತನ್ನದೇ ಕೀರ್ತಿಗೆ ಸಂಬಂಧಪಟ್ಟಲ್ಲಿಯೂ ಅವನ ನಡೆ ಹೀಗೆಯೇ ಇತ್ತು. ವಿದ್ಯುತ್ತಿನ ಪ್ರಯೋಗಗಳಿಂದ ಹೆಸರುವಾಸಿಯಾದ ಮೇಲೆ, ಪಾರ್ಶ್ವವಾಯು ಬಡಿದವರು ದೂರದ ಊರುಗಳಿಂದ ಅವನ ಬಳಿಗೆ ಬರತೊಡಗಿದರು. ವಿದ್ಯುತ್ತಿನ ಆಘಾತದಿಂದ ಬಿದ್ದ ಕೈಕಾಲು ಏಳುವುದೆಂಬ ನಂಬಿಕೆ ಆಗ ಹರಡಿತ್ತು. ಅವನೂ ಪ್ರಯತ್ನಿಸಿದನು. ಮೊದಲ ದಿನಗಳಲ್ಲಿ ಮರಗಟ್ಟಿದ ಅಂಗ ಬೆಚ್ಚಗಾಯಿತು, ಸ್ವಲ್ಪ ಅಲುಗಾಡಿತು; ರೋಗಿಗಳು ಹಿಗ್ಗಿದರು. ಐದನೆಯ ದಿನದ ಬಳಿಕ ಮಾತ್ರ ಯಾವ ಮುನ್ನಡೆಯೂ ಕಾಣಲಿಲ್ಲ. ನಿರಾಶರಾಗಿ ಊರಿಗೆ ಹೋದವರು ಮೊದಲಿನಂತೆಯೇ ಆದರು. 1757ರಲ್ಲಿ ವೈದ್ಯಮಿತ್ರ ಪ್ರಿಂಗಲ್ಲನಿಗೆ ಇದನ್ನೆಲ್ಲ ಬರೆದು ತಿಳಿಸುತ್ತ, ಶಾಶ್ವತವಾದ ಗುಣ ಯಾರಿಗೂ ಆಗಲಿಲ್ಲವೆಂದೂ, ಕಂಡ ಅಲ್ಪ ಗುಣಕ್ಕೂ ಪ್ರಯಾಣದ ವ್ಯಾಯಾಮ ಮತ್ತು ಗುಣವಾಗುವ ಆಸೆಯೇ ಕಾರಣವಿದ್ದೀತೆಂದೂ ಒಪ್ಪಿಕೊಂಡನು. ಬೇರೆಯವನಾಗಿದ್ದರೆ ಅದರಿಂದಲೇ ಸಿರಿವಂತನಾಗುತ್ತಿದ್ದನು.

ಅವನ ಬಾಳಿನ ಸಂಜೆಯಲ್ಲಿ ಈ ವಿವೇಕಕ್ಕೆ ದೊಡ್ಡ ಪರೀಕ್ಷೆ ಬಂದಿತು. ಹೊಸ ಅಮೆರಿಕದ ರಾಯಭಾರಿಯಾಗಿ ಅವನು ಪ್ಯಾರಿಸ್ ಸಮೀಪದ ಪಾಸಿ ಎಂಬಲ್ಲಿ ವಾಸವಾಗಿದ್ದನು. ವಿಯೆನ್ನಾದಿಂದ 1778ರಲ್ಲಿ ಪ್ಯಾರಿಸ್ಸಿಗೆ ಬಂದ ಮೆಸ್ಮರ್ ಎಂಬ ವೈದ್ಯನು, ವಿಶ್ವವನ್ನೆಲ್ಲ ತುಂಬಿದ ಅದೃಶ್ಯವಾದ ಜೀವಕಾಂತ ದ್ರವವೊಂದಿದೆ, ಅದರ ಹರಿವನ್ನು ಸರಿಪಡಿಸಿ ಸಕಲ ರೋಗಗಳನ್ನೂ ಗುಣಪಡಿಸುತ್ತೇನೆ ಎಂದು ಸಾರುತ್ತಿದ್ದನು. ಮಂಕು ಬೆಳಕಿನ ಕೋಣೆಯಲ್ಲಿ ದೊಡ್ಡ ಮರದ ತೊಟ್ಟಿ; ಅದರಿಂದ ಹೊರಚಾಚಿದ ಕಬ್ಬಿಣದ ಸಲಾಕೆಗಳನ್ನು ನೋವಿದ್ದ ಜಾಗಕ್ಕೆ ಒತ್ತಿಕೊಂಡು ಕುಳಿತ ಗಣ್ಯ ಸ್ತ್ರೀಪುರುಷರು; ನಡುನಡುವೆ ಸಂಗೀತ. ಕೆಲವರು ನಗುವರು, ಕೆಲವರು ಅಳುವರು, ಕೆಲವರು ಮೈ ಸೆಟೆದು ಬೀಳುವರು. ದೊರೆ 16ನೆಯ ಲೂಯಿಯು 1784ರಲ್ಲಿ ಇದರ ವಿಚಾರಣೆಗೆ ಪಂಡಿತರ ಮಂಡಲಿಯನ್ನು ನೇಮಿಸಿದನು. 78 ವರ್ಷದ ಫ್ರಾಂಕ್ಲಿನ್ನನೇ ಅದರ ಹಿರಿಯ. ರಸಾಯನಶಾಸ್ತ್ರಜ್ಞ ಲವಾಸಿಯೇ, ಖಗೋಳಜ್ಞ ಬೈಲಿ, ವೈದ್ಯ ಗಿಲೊಟಿನ್ ಮೊದಲಾದವರು ಸದಸ್ಯರು. ಮೆಸ್ಮರನು ಸಹಕರಿಸಲಿಲ್ಲ, ಅವನ ಶಿಷ್ಯ ದೆಸ್ಲೋನನು ಒಪ್ಪಿದನು. ಫ್ರಾಂಕ್ಲಿನ್ನನಿಗೆ ಮೂತ್ರಕೋಶದ ಕಲ್ಲಿನ ಬೇನೆಯಿಂದ ಪ್ರಯಾಣ ಅಸಾಧ್ಯವಾದ್ದರಿಂದ, ಹಲವು ಪ್ರಯೋಗಗಳು ಅವನ ಮನೆಯಲ್ಲಿಯೇ ನಡೆದವು.

ಅವರು ಯಾರನ್ನೂ ಗೇಲಿ ಮಾಡಲಿಲ್ಲ. ಮೊದಲು ತಮ್ಮ ಮೈಮೇಲೆಯೇ ಚಿಕಿತ್ಸೆ ಮಾಡಿಸಿಕೊಂಡರು; ಏನೂ ಅನ್ನಿಸಲಿಲ್ಲ. ಬಳಿಕ ಮನೆಯ ತೋಟದಲ್ಲಿ ಒಂದು ಏಪ್ರಿಕಾಟ್ ಮರಕ್ಕೆ ದೆಸ್ಲೋನನು ಕಾಂತಶಕ್ತಿಯನ್ನು ತುಂಬಿದನು. ಅವನೇ ಆರಿಸಿ ತಂದಿದ್ದ ಹನ್ನೆರಡು ವರ್ಷದ ಹುಡುಗನ ಕಣ್ಣಿಗೆ ಬಟ್ಟೆ ಕಟ್ಟಿ, ಶಕ್ತಿ ತುಂಬದ ನಾಲ್ಕು ಮರಗಳನ್ನು ಒಂದಾದ ಮೇಲೊಂದರಂತೆ ಅಪ್ಪಿಕೊಳ್ಳಲು ಹೇಳಿದರು. ಮೊದಲ ಮರದಲ್ಲಿಯೇ ಹುಡುಗ ಬೆವತನು; ನಾಲ್ಕನೆಯದರ ಬಳಿ ಎಚ್ಚರ ತಪ್ಪಿ ಬಿದ್ದನು. ಶಕ್ತಿ ತುಂಬಿದ ಮರ ಅಲ್ಲಿಂದ ಸುಮಾರು 24 ಅಡಿ ದೂರದಲ್ಲಿತ್ತು! ಎಲ್ಲ ಮರಗಳಲ್ಲಿಯೂ ಸಹಜವಾಗಿ ಆ ಶಕ್ತಿ ಇರುತ್ತದೆಂದು ದೆಸ್ಲೋನನು ಸಮಜಾಯಿಷಿ ಕೊಟ್ಟನು. ಹಾಗಿದ್ದರೆ ಆ ಶಕ್ತಿಗೆ ಮೈಯೊಡ್ಡುವ ಯಾರೂ ತೋಟದಲ್ಲಿ ತಿರುಗಾಡುವಂತೆಯೇ ಇಲ್ಲವಲ್ಲ ಎಂದು ಮಂಡಲಿಯು ಗಮನಿಸಿತು. ಇನ್ನೊಬ್ಬ ಹೆಂಗಸು, ಮುಚ್ಚಿದ ಬಾಗಿಲಿನ ಆಚೆ ದೆಸ್ಲೋನನು ನಿಂತು ಶಕ್ತಿ ಹಾಯಿಸುತ್ತಿದ್ದಾನೆಂದು ಹೇಳಿದ ಮಾತ್ರಕ್ಕೆ ನಡುಗಿ ಸೆಟೆದಳು. ಬಾಗಿಲಾಚೆ ಅವನಿರಲೇ ಇಲ್ಲ. ಮತ್ತೊಬ್ಬಳು ಬರಿಯ ನೀರಿನ ಬಟ್ಟಲಿಗೆ ತತ್ತರಿಸಿ, ಶಕ್ತಿ ತುಂಬಿದ ನೀರನ್ನು ಶಾಂತವಾಗಿ ಕುಡಿದಳು. ಶಕ್ತಿಯಿಲ್ಲದೆ ಕಲ್ಪನೆ ಮಾತ್ರವಿದ್ದಾಗ ಪರಿಣಾಮ ಉಂಟಾಗುತ್ತದೆ, ಕಲ್ಪನೆಯಿಲ್ಲದೆ ಶಕ್ತಿ ಮಾತ್ರವಿದ್ದಾಗ ಏನೂ ಆಗುವುದಿಲ್ಲ ಎಂಬುದು ಅವರ ವರದಿಯ ಸಾರ. ರೋಗಿಗೆ ಯಾವುದು ನಿಜವೆಂದು ತಿಳಿಯದಂತೆ ಮಾಡಿ ಔಷಧವನ್ನು ಪರೀಕ್ಷಿಸುವ ಇಂದಿನ ಕ್ರಮಕ್ಕೆ ಆ ತೋಟದ ಪ್ರಯೋಗ ಪೂರ್ವಜನೆನ್ನಬಹುದು.

ಫ್ರಾಂಕ್ಲಿನ್ 1785ರಲ್ಲಿ ಸ್ವದೇಶಕ್ಕೆ ಮರಳಿ, 1790ರ ಏಪ್ರಿಲ್ 17ರಂದು 84ನೆಯ ವಯಸ್ಸಿನಲ್ಲಿ ತೀರಿಕೊಂಡನು. ಆರು ವರ್ಷಗಳ ಬಳಿಕ ಜೆನ್ನರನು ಗೋವಿನ ಸಿಡುಬಿನ ಲಸಿಕೆಯನ್ನು ಪರೀಕ್ಷಿಸಿದನು. 1980ರಲ್ಲಿ ಸಿಡುಬು ಲೋಕದಿಂದಲೇ ತೊಲಗಿತೆಂದು ಘೋಷಣೆಯಾಯಿತು.

ಇನ್ನು ನನ್ನ ಅರಿಕೆ. ನಾನು ಆರು ವರ್ಷದವನಿದ್ದಾಗ ನಮ್ಮ ಊರಿಗೆ ದಾಕು ಹಾಕುವವರು ಬಂದರು. ನನಗೆ ಹಾಕಿದರು, ಆ ಕಲೆ ಇಂದಿಗೂ ತೋಳಿನ ಮೇಲಿದೆ. ನನ್ನ ತಂಗಿಗೆ ಮೈ ಬೆಚ್ಚಗಿತ್ತೆಂದು ಅಜ್ಜಿ ಅವಳನ್ನು ಕೊಟ್ಟಿಗೆಯಲ್ಲಿ ಬಚ್ಚಿಟ್ಟರು. ಕೆಲವು ವಾರಗಳಲ್ಲಿ ಊರಿಗೆ ಅಮ್ಮ ಬಂದಿತು. ಬೇವಿನ ಸೊಪ್ಪಿನ ಮೇಲೆ ಮಲಗಿದ್ದ ತಂಗಿ ಮತ್ತೆ ಏಳಲಿಲ್ಲ. ನನಗೆ ಹಾಕಿದ ದಾಕಿನಿಂದಲೇ ರೋಗ ಮನೆ ಹೊಕ್ಕಿತೆಂದು ಊರು ಆಡಿಕೊಂಡಿತು. ಅಪ್ಪ ಅದನ್ನು ಅಲ್ಲಗಳೆಯಲಿಲ್ಲ. ಅಜ್ಜಿಯ ಮನಸ್ಸು ನೋಯಬಾರದೆಂದು ಸುಮ್ಮನಿದ್ದರೋ ಏನೋ, ನಾನು ಕೇಳಲಿಲ್ಲ. ಆ ಮಾತನ್ನು ನಂಬಿ ಎಷ್ಟು ಮನೆಯವರು ಮಕ್ಕಳನ್ನು ಬಚ್ಚಿಟ್ಟರೋ! ತಂಗಿಯ ಸಾವಿಗೆ ನಾನೇ ಕಾರಣವೆಂದು ಏಳು ವರ್ಷ ನಂಬಿದ್ದ ಹುಡುಗನಿಗೆ, ಅಂದು ಆ ತರಗತಿಯಲ್ಲಿ ಫ್ರಾನ್ಸಿಸ್ಸನ ಕಥೆ ಕೇಳಿದಾಗ ಎದೆಯ ಕಲ್ಲು ಇಳಿದಂತಾಯಿತು. ಆದರೂ ಮನೆಯ ಮರ್ಯಾದೆಯೆಂದು ಬಾಯಿ ಬಿಡಲಿಲ್ಲ.

2021ರಲ್ಲಿ ಕೊರೊನಾ ಲಸಿಕೆಯ ವಿಷಯದಲ್ಲಿ ನಮ್ಮ ಸುತ್ತಲಿನ ಊರುಗಳಲ್ಲಿ ಭಯ ಹಬ್ಬಿತ್ತು. ಹಾಕಿಸಿಕೊಂಡವರು ಬದುಕುವುದಿಲ್ಲವೆಂಬ ಮಾತು ಮನೆಯಿಂದ ಮನೆಗೆ ಹೋಗುತ್ತಿತ್ತು. ಶಿಬಿರದ ದಿನ ಜಗಲಿಯ ಮೇಲೆ ಕುಳಿತು ಅನುಮಾನಿಸುತ್ತಿದ್ದ ನೆರೆಯವರ ಮುಂದೆ, ನಾನು ಮೊದಲ ಬಾರಿಗೆ ನನ್ನ ತಂಗಿಯ ಕಥೆಯನ್ನು ಇದ್ದದ್ದು ಇದ್ದಂತೆ ಹೇಳಿದೆ. ಕೆಲವರು ಎದ್ದು ನನ್ನೊಡನೆ ಬಂದರು; ಕೆಲವರು ಮನೆಗೆ ಹೋದರು. ಐವತ್ತು ವರ್ಷ ಮೊದಲೇ ಹೇಳಬೇಕಾಗಿದ್ದ ಮಾತದು.

ಈ ಶಾಲೆಯಲ್ಲಿ ಈಗ ಕಲಿಯುತ್ತಿರುವ ಮಕ್ಕಳಿಗೆ ನನ್ನದು ಒಂದೇ ವಿನಂತಿ. ಯಾವುದೇ ಮದ್ದನ್ನು ಯಾರೇ ಹೊಗಳಲಿ, ಹಳಿಯಲಿ, ಎಷ್ಟು ಮಂದಿಗೆ ಕೊಟ್ಟರು, ಅವರಲ್ಲಿ ಎಷ್ಟು ಮಂದಿ ಗುಣವಾದರು, ಕೊಡದವರ ಗತಿ ಏನಾಯಿತು ಎಂದು ಕೇಳಿರಿ. ಉತ್ತರ ನಿಮ್ಮ ಮನೆಯ ನಂಬಿಕೆಗೆ ವಿರುದ್ಧವಾಗಿದ್ದರೂ ಅದನ್ನು ಮರೆಮಾಚಬೇಡಿರಿ. ಹಾಗೆ ಕೇಳುವುದನ್ನು ನನಗೆ ಕನ್ನಡದಲ್ಲಿ ಕಲಿಸಿದ ಮೇಷ್ಟ್ರಿಗೂ, ಈ ಶಾಲೆಗೂ ನಾನು ಚಿರಋಣಿ.