ಇಳಿಜಾರಿಗೆ ನಿಯಮ ಕಟ್ಟಿದ ಆರ್ನಾಲ್ಡ್ ಲನ್

ಹಿಮಾಚ್ಛಾದಿತ ಪರ್ವತವೆಂಬುದು ನಮ್ಮ ಸೀಮೆಯವರಿಗೆ ಕಾವ್ಯದಲ್ಲಿ ಕಂಡ ವಸ್ತು. ಬಂಗಾರಪೇಟೆಯಿಂದ ಮಾರಿಕುಪ್ಪದವರೆಗಿನ ನೆಲದಲ್ಲಿ ಬೆಳೆದ ನನ್ನ ವಿದ್ಯಾರ್ಥಿಗಳು ಬಲ್ಲ ಇಳಿಜಾರೆಂದರೆ, ಅದಿರನ್ನು ಅರೆದು ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಸೈನೈಡ್ ದಿಬ್ಬಗಳದು. ಇಂಥ ಊರಿನಲ್ಲಿ ಕುಳಿತು ಸ್ಕೀ ಪಂದ್ಯದ ಮಾತೆತ್ತುವುದು ವಿಚಿತ್ರವಾಗಿ ತೋರಬಹುದು. ಆದರೆ ಆ ಕ್ರೀಡೆಗೆ ಇಂದಿನ ರೂಪವನ್ನು ಕೊಟ್ಟು, ವಿಶ್ವವಿದ್ಯಾನಿಲಯಗಳ ತಂಡಗಳಿಗೆ ಅದರಲ್ಲಿ ಒಂದು ಸ್ಥಾನವನ್ನು ಕಲ್ಪಿಸಿದ ಸರ್ ಆರ್ನಾಲ್ಡ್ ಲನ್ ಅವರು ಹುಟ್ಟಿದ್ದು ನಮ್ಮ ರೈಲುದಾರಿಯ ಪೂರ್ವದ ತುದಿಯಾದ ಮದರಾಸಿನಲ್ಲಿ. 1888ರ ಏಪ್ರಿಲ್ 18ರಂದು. ಜಾನ್ ಟೇಲರ್ ಕಂಪನಿಯವರು ಕೋಲಾರದ ನೆಲದೊಳಕ್ಕೆ ಇಳಿಯತೊಡಗಿದ್ದೂ ಅದೇ ದಶಕದಲ್ಲಿಯೇ.

ತಂದೆ ಹೆನ್ರಿ ಲನ್ ಮೆಥಡಿಸ್ಟ್ ಪಂಥದ ಪಾದ್ರಿ, ವೈದ್ಯ. ಭಾರತಕ್ಕೆ ಬಂದ ಸ್ವಲ್ಪ ಕಾಲದಲ್ಲಿಯೇ ಅನಾರೋಗ್ಯದಿಂದ ಸ್ವದೇಶಕ್ಕೆ ಹಿಂದಿರುಗಿದರು. ಕ್ರೈಸ್ತ ಪಂಥಗಳನ್ನು ಒಂದುಗೂಡಿಸುವ ಹಂಬಲದಿಂದ 1892ರಲ್ಲಿ ಸ್ವಿಟ್ಜರ್ಲೆಂಡಿನ ಗ್ರಿಂಡೆಲ್‌ವಾಲ್ಡಿನಲ್ಲಿ ಅವರು ನಡೆಸಿದ ಸಮ್ಮೇಳನದಿಂದ ಪಂಥಗಳೇನೋ ಒಂದಾಗಲಿಲ್ಲ. ಒಂದು ಪ್ರವಾಸ ಸಂಸ್ಥೆ ಮಾತ್ರ ಬೆಳೆದು ನಿಂತಿತು. ಚಳಿಗಾಲದ ಪ್ರವಾಸಿಗಳನ್ನು ಆಲ್ಪ್ಸ್ ಪರ್ವತಕ್ಕೆ ಕರೆದೊಯ್ಯುವ ಆ ವ್ಯವಹಾರದ ನಡುವೆಯೇ ಬಾಲಕ ಆರ್ನಾಲ್ಡ್ ಸ್ಕೀ ಹಲಗೆಗಳ ಮೇಲೆ ನಿಲ್ಲಲು ಕಲಿತರು.

ಮುಂದೆ ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜನ್ನು ಸೇರಿದ ಅವರು ವಿಶ್ವವಿದ್ಯಾನಿಲಯದ ಪರ್ವತಾರೋಹಣ ಸಂಘವನ್ನು ಸ್ಥಾಪಿಸಿದರು, ವಿದ್ಯಾರ್ಥಿ ಪತ್ರಿಕೆಯ ಸಂಪಾದಕರಾದರು. ಪದವಿಯೊಂದನ್ನು ಮಾತ್ರ ಪಡೆಯಲಿಲ್ಲ. 1909ರ ಆಗಸ್ಟಿನಲ್ಲಿ ವೇಲ್ಸಿನ ಕಾಡರ್ ಇದ್ರಿಸ್ ಬೆಟ್ಟದ ಬಂಡೆಯಿಂದ ಬಿದ್ದು ಅವರ ಒಂದು ಕಾಲು ಮುರಿಯಿತು. ಎಲುಬು ಕೂಡಿದರೂ ಕಾಲು ಗಿಡ್ಡವಾಯಿತು. ಗಾಯ ವರ್ಷಗಟ್ಟಲೆ ಮಾಯಲಿಲ್ಲ. ಇಪ್ಪತ್ತೊಂದರ ಹರೆಯದಲ್ಲಿ ಬಂದ ಆ ಊನವು ಬೇರೊಬ್ಬರನ್ನು ಮನೆಯಲ್ಲಿ ಕೂರಿಸುತ್ತಿತ್ತು. ಲನ್ ಅವರಾದರೋ ಅದೇ ಕಾಲಿನಲ್ಲಿ, 1917ರ ಜೂನ್‌ನಲ್ಲಿ, ಜೋಸೆಫ್ ಕ್ನೂಬೆಲ್ ಎಂಬ ಮಾರ್ಗದರ್ಶಿಯೊಡನೆ 4,545 ಮೀಟರ್ ಎತ್ತರದ ಡೋಮ್ ಶಿಖರವನ್ನು ಸ್ಕೀ ಸಹಾಯದಿಂದ ಮೊತ್ತಮೊದಲಿಗೆ ಏರಿದರು. ಆದರೂ ಅವರ ಕೀರ್ತಿ ನಿಂತಿರುವುದು ತಾವು ಓಡಿದ ಓಟದ ಮೇಲಲ್ಲ, ಇತರರಿಗಾಗಿ ಗುರುತಿಸಿಕೊಟ್ಟ ದಾರಿಯ ಮೇಲೆ.

ಸ್ಕೀ ನಾರ್ವೆಯವರ ವಿದ್ಯೆ. ದೂರದ ಓಟ ಮತ್ತು ನೆಗೆತ, ಇವೆರಡೇ ನಿಜವಾದ ಸ್ಪರ್ಧೆಗಳೆಂದು ಅವರ ಮತ. ಕಡಿದಾದ ಇಳಿಜಾರಿನಲ್ಲಿ ಧಾವಿಸಿ ಇಳಿಯುವುದು ಅವರ ಕಣ್ಣಿಗೆ ಹುಡುಗಾಟವಾಗಿ ತೋರಿತು. ಆಲ್ಪ್ಸ್ ಪರ್ವತದ ಸ್ವರೂಪವೇ ಬೇರೆ, ಅಲ್ಲಿ ಇಳಿಯುವುದೇ ಕಲೆ ಎಂದು ಲನ್ ವಾದಿಸಿದರು. 1922ರ ಜನವರಿಯಲ್ಲಿ ಮ್ಯೂರೆನ್ ಎಂಬ ಹಳ್ಳಿಯ ಇಳಿಜಾರಿನಲ್ಲಿ ಜೋಡಿ ಬಾವುಟಗಳನ್ನು ನೆಟ್ಟು ಹೊಸ ಬಗೆಯ ಪಂದ್ಯವನ್ನು ಏರ್ಪಡಿಸಿದರು. ಕಾಡಿನ ಮರಗಳ ನಡುವೆ ನುಸುಳುವವನಂತೆ ಸ್ಪರ್ಧಿಯು ಆ ಬಾವುಟಗಳ ಬಾಗಿಲುಗಳನ್ನು ಹಾದು ಬರಬೇಕು. ಇದಕ್ಕೆ ಸ್ಲಾಲಂ ಎಂದು ಹೆಸರು. ಇಳಿಜಾರಿನ ಜಾಡು ಎಂಬರ್ಥದ ನಾರ್ವೆಯ ಶಬ್ದವದು. ಹಿಂದೆ ತಿರುವಿನ ಸೊಬಗನ್ನು ನೋಡಿ ಅಂಕ ಕೊಡುವ ಪದ್ಧತಿಯಿತ್ತು. ಲನ್ ಅದನ್ನು ತೆಗೆದುಹಾಕಿ ಗಡಿಯಾರವನ್ನೇ ತೀರ್ಪುಗಾರನನ್ನಾಗಿ ಮಾಡಿದರು. ಉತ್ತರಪತ್ರಿಕೆಗಳಿಗೆ ಅಂಕವಿಡುವ ವೃತ್ತಿಯ ನನಗೆ ಈ ಸುಧಾರಣೆಯ ಬೆಲೆ ಚೆನ್ನಾಗಿ ತಿಳಿಯುತ್ತದೆ.

ಹೊಸ ಕ್ರೀಡೆಗೆ ಬೇಕಾದ ತರುಣರು ದೊರೆತದ್ದು ವಿಶ್ವವಿದ್ಯಾನಿಲಯಗಳಲ್ಲಿ. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ತಂಡಗಳ ಮೊದಲ ಸ್ಕೀ ಪಂದ್ಯ 1922ರಲ್ಲಿ ವೆಂಗೆನ್ ಎಂಬಲ್ಲಿ ನಡೆಯಿತು. 1923ರ ಕ್ರಿಸ್ಮಸ್ ರಜೆಯಲ್ಲಿ ಮ್ಯೂರೆನ್ನಿಗೆ ಬಂದು ಲನ್ ಅವರ ಬಳಿ ಕಲಿತ ಆಕ್ಸ್‌ಫರ್ಡಿನ ವಿದ್ಯಾರ್ಥಿ ಆಂಡ್ರ್ಯೂ ಅರ್ವಿನ್, ಮರುವರ್ಷದ ಜೂನ್‌ನಲ್ಲಿ ಮ್ಯಾಲರಿಯವರೊಡನೆ ಎವರೆಸ್ಟಿನಲ್ಲಿ ಕಣ್ಮರೆಯಾದರು. ಅವರದೆನ್ನಲಾದ ಅವಶೇಷವೊಂದು ಹಿಮನದಿಯಲ್ಲಿ ದೊರೆತದ್ದು 2024ರಲ್ಲಿ, ನೂರು ವರ್ಷಗಳ ತರುವಾಯ. 1924ರಲ್ಲಿಯೇ ಲನ್ ಕಂದಹಾರ್ ಸ್ಕೀ ಕ್ಲಬ್ಬನ್ನು ಕಟ್ಟಿದರು. ಅದರ ಹೆಸರಿಗೆ ಮೂಲರಾದ ಕಂದಹಾರದ ಲಾರ್ಡ್ ರಾಬರ್ಟ್ಸ್ ಕಾನ್ಪುರದಲ್ಲಿ ಹುಟ್ಟಿದವರು, ಮದರಾಸು ಸೈನ್ಯದ ದಂಡನಾಯಕರಾಗಿದ್ದವರು. ಅದೇ ವರ್ಷದ ಕೊನೆಯಲ್ಲಿ ವಾಲ್ಟರ್ ಆಮ್‌ಸ್ಟುಟ್ಸ್ ಮೊದಲಾದ ಸ್ವಿಸ್ ವಿದ್ಯಾರ್ಥಿಗಳು ತಮ್ಮದೊಂದು ಸಂಘವನ್ನು ಕಟ್ಟಿದರು. 1925ರಲ್ಲಿ ಉಭಯ ದೇಶಗಳ ವಿಶ್ವವಿದ್ಯಾನಿಲಯದ ತಂಡಗಳು ಮ್ಯೂರೆನ್ನಿನಲ್ಲಿ ಎದುರುಬದುರಾದವು. ಆ ಸ್ಪರ್ಧೆ ಇಂದಿಗೂ ಉಳಿದಿದೆ.

ನಾರ್ವೆಯವರ ಮನಸ್ಸು ಕೊನೆಗೆ ಕರಗಿತು. 1930ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟವು ಇಳಿಜಾರಿನ ಪಂದ್ಯಗಳಿಗೆ ಮನ್ನಣೆ ನೀಡಿತು. 1931ರಲ್ಲಿ ಮ್ಯೂರೆನ್ನಿನಲ್ಲಿ ನಡೆದ ವಿಶ್ವಸ್ಪರ್ಧೆಯಲ್ಲಿ ಸ್ತ್ರೀಯರೂ ಭಾಗವಹಿಸಿದರು. ಬ್ರಿಟನ್ನಿನ ಎಸ್ಮೆ ಮೆಕಿನನ್ ಅವರಿಗೆ ಎರಡು ಜಯಗಳು ಸಂದವು. 1936ರಲ್ಲಿ ಒಲಿಂಪಿಕ್ಸ್‌ನಲ್ಲಿಯೂ ಆ ಪಂದ್ಯಗಳಿಗೆ ಎಡೆ ದೊರೆಯಿತು.

ಅವರ ನಿಜವಾದ ಪರೀಕ್ಷೆ ಬಂದದ್ದು ಅನಂತರ. ಆಸ್ಟ್ರಿಯದ ಸಾಂಕ್ಟ್ ಆಂಟನ್ನಿನ ಶ್ರೇಷ್ಠ ಸ್ಕೀ ಗುರು ಹಾನ್ನೆಸ್ ಷ್ನೈಡರ್ ಅವರೊಡನೆ ಕೂಡಿ ಲನ್ 1928ರಲ್ಲಿ ಆರ್ಲ್‌ಬರ್ಗ್–ಕಂದಹಾರ್ ಎಂಬ ಹೆಸರಾಂತ ಪಂದ್ಯವನ್ನು ಆರಂಭಿಸಿದ್ದರು. 1938ರ ಮಾರ್ಚ್‌ನಲ್ಲಿ ನಾಜಿಗಳು ಆಸ್ಟ್ರಿಯವನ್ನು ಆಕ್ರಮಿಸಿ ಷ್ನೈಡರ್ ಅವರನ್ನು ಸೆರೆಗೆ ನೂಕಿದಾಗ, ಅಲ್ಲಿ ನಡೆಯಬೇಕಾಗಿದ್ದ ಆ ವರ್ಷದ ಪಂದ್ಯವನ್ನು ಲನ್ ರದ್ದುಪಡಿಸಿದರು. ಗೆಳೆಯನಿಲ್ಲದ ಅಂಗಳದಲ್ಲಿ ಆಟವಾಡಲು ಅವರಿಗೆ ಮನಸ್ಸು ಬರಲಿಲ್ಲ.

ಅವರಲ್ಲಿ ಲೋಪಗಳಿರಲಿಲ್ಲವೆಂದಲ್ಲ. ಸ್ಪೇನಿನ ಅಂತರ್ಯುದ್ಧದಲ್ಲಿ ಫ್ರಾಂಕೋವಿನ ಪಕ್ಷ ವಹಿಸಿದ್ದನ್ನು ಮೆಚ್ಚಲಾಗದು. ಅವರ ಕ್ರೀಡೆಯೂ ಮೊದಲಿಗೆ ಹಣವಂತರ ಚಳಿಗಾಲದ ವಿಲಾಸವೇ ಆಗಿತ್ತು. ಐರೋಪ್ಯ ಅಧಿಕಾರಿಗಳ ಕ್ಲಬ್ಬನ್ನೂ ಗಾಲ್ಫ್ ಮೈದಾನವನ್ನೂ ಕಂಡಿದ್ದ ಗಣಿಯೂರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಗಡಿಯಾರವು ಯಾರ ಕುಲವನ್ನೂ ಕೇಳುವುದಿಲ್ಲ. ನಿಯಮವೊಂದು ನಿಷ್ಪಕ್ಷಪಾತವಾಗಿ ಬರೆಯಲ್ಪಟ್ಟರೆ, ಬರೆದವರ ವರ್ಗವನ್ನು ದಾಟಿ ಅದು ಎಲ್ಲರ ಸ್ವತ್ತಾಗುತ್ತದೆ. ಆಲ್ಪ್ಸ್ ಪ್ರಾಂತ್ಯದ ಹಳ್ಳಿಗಳ ಮಕ್ಕಳು ಬೇಗನೆ ಆಂಗ್ಲರನ್ನು ಹಿಂದಿಕ್ಕಿದರೆಂಬುದೇ ಇದಕ್ಕೆ ಸಾಕ್ಷಿ.

ಸುಮಾರು ಅರ್ಧ ಶತಮಾನ ಬ್ರಿಟಿಷ್ ಸ್ಕೀ ವಾರ್ಷಿಕ ಸಂಚಿಕೆಯನ್ನು ಸಂಪಾದಿಸಿ, 1952ರಲ್ಲಿ ಸರ್ ಪದವಿಯನ್ನು ಪಡೆದ ಲನ್, 1974ರ ಜೂನ್ 2ರಂದು ಲಂಡನ್ನಿನಲ್ಲಿ ತೀರಿಕೊಂಡರು. ಕಾಲೇಜಿನ ತಂಡವೆಂದರೆ ಗೆದ್ದ ಬಟ್ಟಲುಗಳ ಪಟ್ಟಿಯೆಂದು ತಿಳಿದಿರುವ ನಮ್ಮ ವಿದ್ಯಾರ್ಥಿಗಳೂ ಉಪಾಧ್ಯಾಯರೂ, ಪದವಿಯಿಲ್ಲದ ಈ ಕುಂಟುಗಾಲಿನ ಆಕ್ಸ್‌ಫರ್ಡಿಗರನ್ನು ಒಮ್ಮೆ ನೆನೆಯುವುದು ಲೇಸು.